ಮಗುವಿನ ಮೂಗು ಯಾರ ಪಾಲಿಗೆ?

ಹುಟ್ಟಿ ಹನ್ನೊಂದು ದಿನವೂ ಆಗಿರುವುದಿಲ್ಲ. ದೀಪ ಯಾವುದು, ಅಮ್ಮ ಯಾರು ಎಂದು ತಿಳಿಯದ ಕೂಸು. ಅದರ ತೊಟ್ಟಿಲಿನ ಎಡಕ್ಕೊಂದು ಪಕ್ಷ, ಬಲಕ್ಕೊಂದು ಪಕ್ಷ ಆಗಲೇ ಕೂತಾಗಿರುತ್ತದೆ. ಗಂಡಿನ ಕಡೆಯವರು ಮೂಗನ್ನು ತಮ್ಮ ಹೆಸರಿಗೆ ಬರೆಸಿಕೊಳ್ಳುತ್ತಾರೆ. ಹೆಣ್ಣಿನ ಕಡೆಯವರು ಬಿಡುತ್ತಾರೆಯೇ? ಕಣ್ಣು, ಹುಬ್ಬು, ಕೆನ್ನೆಯ ಗುಳಿ ಮೂರನ್ನೂ ಒಟ್ಟಿಗೆ ಹಾಕಿಕೊಳ್ಳುತ್ತಾರೆ. ‘ಹಣೆ ನೋಡ್ರೀ, ನಮ್ಮಪ್ಪನದ್ದೇ ಅಚ್ಚು’ ಎಂದು ಸೋದರತ್ತೆ. ‘ಕಾಲಿನ ಬೆರಳು ಮಾತ್ರ ನಮ್ಮ ದೊಡ್ಡಣ್ಣಂದು’ ಎಂದು ಅಜ್ಜಿ. ಬಣ್ಣ ತಿಳಿಯಾಗಿದ್ದರೆ ಎರಡೂ ಕಡೆ ಹಕ್ಕುದಾರರು. ಒಂಚೂರು ಕಪ್ಪಾದರೆ ಎರಡೂ ಕಡೆಯವರೂ ಬೀಗರತ್ತ ಕೈ ತೋರಿಸುತ್ತಾರೆ. ರಾತ್ರಿಯಿಡೀ ಅಳುವ ಹಟಕ್ಕಂತೂ ವಾರಸುದಾರರೇ ಇಲ್ಲ. ಅದೇ ಮಗು ಮುಂದೆ ಗಣಿತದಲ್ಲಿ ನೂರಕ್ಕೆ ನೂರು ತೆಗೆಯಲಿ, ಇನ್ನೊಂದು ಸುತ್ತಿನ ತಕರಾರು ಶುರು.

ಈ ತಕರಾರಿನ ಬಗ್ಗೆ ನನ್ನ ಆಕ್ಷೇಪ ಒಂದೇ: ತಡವಾಯಿತು. ಪಾಲು ಆಗಿ ಎಷ್ಟೋ ಕಾಲವಾಗಿದೆ. ನಿಮ್ಮನ್ನು ಕರೆಯಲಿಲ್ಲ, ಪಂಚಾಯಿತಿದಾರರು ಇರಲಿಲ್ಲ, ಯಾರೂ ರುಜು ಹಾಕಲಿಲ್ಲ. ಆ ಪಾಲಿನ ಹೆಸರು ಮಿಯೋಸಿಸ್. ನೀವು ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡವರಾದರೆ ಅದರ ಚಿತ್ರವನ್ನು ಕೆಂಪು, ನೀಲಿ ಪೆನ್ಸಿಲ್‌ನಲ್ಲಿ ಬರೆದು, ಲೆಪ್ಟೊಟೀನ್, ಝೈಗೊಟೀನ್, ಪ್ಯಾಕಿಟೀನ್ ಎಂದು ಉರು ಹೊಡೆದು, ಐದು ಅಂಕ ಪಡೆದು, ಪರೀಕ್ಷೆ ಹಾಲಿನ ಬಾಗಿಲಲ್ಲೇ ಬಿಟ್ಟು ಬಂದಿರುತ್ತೀರಿ. ಇದು ನಿಮ್ಮದೇ ಮನೆಯ ವ್ಯವಹಾರ ಎಂದು ಮೇಷ್ಟ್ರು ಹೇಳಿರಲಾರರು. ಅವರಿಗೆ ಪೋರ್ಷನ್ ಮುಗಿಸುವ ಆತುರ.

ನಮ್ಮ ಮೈಯ ಕೋಶಗಳಲ್ಲಿ ತಲಾ 46 ವರ್ಣತಂತುಗಳು. ಅಪ್ಪನಿಂದ ಬಂದ 23, ಅಮ್ಮನಿಂದ ಬಂದ 23. ಒಂದನೇ ನಂಬರಿಗೆ ಒಂದನೇ ನಂಬರು, ಎರಡಕ್ಕೆ ಎರಡು ಎಂದು ಜೋಡಿ. 46 ಎಂದ ತಕ್ಷಣ ಮೀಸೆ ತಿರುವಬೇಡಿ. ಆಲೂಗಡ್ಡೆಗೆ 48 ಇದೆ. ನಮ್ಮ ಮಲೆನಾಡಿನ ಕಾಡುಕುರಿಗೋ ಹೆಣ್ಣಾದರೆ ಆರು, ಗಂಡಾದರೆ ಏಳು. ಅಷ್ಟರಲ್ಲೇ ಅದು ಕೊಂಬು, ಬೊಗಳು, ಓಟ ಎಲ್ಲವನ್ನೂ ನಿಭಾಯಿಸುತ್ತದೆ. ತೊಂದರೆ ಸಂಖ್ಯೆಯಲ್ಲಿಲ್ಲ, ಸಂಸಾರ ಕಟ್ಟುವಾಗ ಇದೆ. ಅಮ್ಮ ತನ್ನ 46ನ್ನೂ, ಅಪ್ಪ ತನ್ನ 46ನ್ನೂ ಕೊಟ್ಟರೆ ಮಗುವಿಗೆ 92, ಮೊಮ್ಮಗುವಿಗೆ 184. ಹೀಗೇ ಹತ್ತು ತಲೆಮಾರು ಹೋದರೆ 47,104. ಹಾಗಾಗಿ ಅಂಡಾಣು, ವೀರ್ಯಾಣು ತಯಾರಾಗುವ ಕಡೆ ಎಲ್ಲೋ ಒಂದು ಹಂತದಲ್ಲಿ ಸಂಖ್ಯೆ ಅರ್ಧಕ್ಕೆ ಇಳಿಯಲೇಬೇಕು ಎಂದು 1887ರಲ್ಲಿ ಜರ್ಮನಿಯ ಆಗಸ್ಟ್ ವೈಸ್‌ಮನ್ ಹೇಳಿದರು. ಆ ಮಹಾನುಭಾವರಿಗೆ ಕಣ್ಣು ಕೈಕೊಟ್ಟಿತ್ತು, ಮೈಕ್ರೋಸ್ಕೋಪಿನ ಮುಂದೆ ಹೆಚ್ಚು ಹೊತ್ತು ಕೂರಲು ಆಗುತ್ತಿರಲಿಲ್ಲ. ಕೂತು ಯೋಚಿಸಿಯೇ ಹಿಡಿದರು. ಕಣ್ಣು ಚೆನ್ನಾಗಿರುವ ನಾವು ಮೊಬೈಲ್ ನೋಡುತ್ತಿದ್ದೇವೆ, ಇರಲಿ.

ಅರ್ಧ ಮಾಡುವುದೇನು ಮಹಾ, ಎಣಿಸಿ ಇಪ್ಪತ್ತಮೂರು ಎತ್ತಿಕೊಟ್ಟರೆ ಆಯಿತು ಎಂದು ನಿಮಗನ್ನಿಸಬಹುದು. ಒಟ್ಟು ಕುಟುಂಬದ ಜಮೀನು ಪಾಲು ಮಾಡಿದವರನ್ನು ಕೇಳಿ, ‘ಏನು ಮಹಾ’ ಎಂಬ ಮಾತು ಅವರ ಬಾಯಲ್ಲಿ ಬರುವುದಿಲ್ಲ. ಕೋಶವೂ ಆ ಕಷ್ಟ ಬಲ್ಲದು. ಮೊದಲು ಅದು ಇರುವ ಕಾಗದಪತ್ರಕ್ಕೆಲ್ಲ ಒಂದೊಂದು ನಕಲು ತೆಗೆಯುತ್ತದೆ. ಪ್ರತಿ ವರ್ಣತಂತುವೂ ಈಗ ಸೊಂಟದ ಹತ್ತಿರ ಅಂಟಿಕೊಂಡ ಎರಡು ಪ್ರತಿ. ಆಮೇಲೆ ನಡೆಯುವುದು ನೋಡಿ ಸೋಜಿಗ. ಅಪ್ಪನಿಂದ ಬಂದ ಒಂದನೇ ನಂಬರೂ ಅಮ್ಮನಿಂದ ಬಂದ ಒಂದನೇ ನಂಬರೂ ಇಷ್ಟು ದಿನ ಒಂದೇ ಮನೆಯಲ್ಲಿದ್ದು ಮಾತುಕತೆ ಇಲ್ಲದೆ ಇದ್ದವು. ಈಗ ಒಂದನ್ನೊಂದು ಹುಡುಕಿಕೊಂಡು ಬಂದು, ತಲೆಯಿಂದ ಬಾಲದವರೆಗೆ ಪಕ್ಕಪಕ್ಕ ಮಲಗುತ್ತವೆ. ಜೀನಿಗೆ ಜೀನು ಎದುರು.

ಇಷ್ಟಾದ ಮೇಲೆ ಕೋಶ ಒಂದು ಹುಚ್ಚುತನ ಮಾಡುತ್ತದೆ. ಸರಿಯಾಗಿ ಹೇಳಬೇಕೆಂದರೆ, ಪಕ್ಕಪಕ್ಕ ಬರುವ ಓಡಾಟದ ನಡುವೆಯೇ ಅದನ್ನು ಶುರು ಮಾಡಿರುತ್ತದೆ. ತನ್ನ ಡಿಎನ್‌ಎಯನ್ನು ತಾನೇ ನೂರಾರು ಕಡೆ ಕತ್ತರಿಸುತ್ತದೆ. ಕತ್ತರಿಸುವುದಕ್ಕೆಂದೇ ಸ್ಪೋ11 ಎಂಬ ಪ್ರೊಟೀನು ಇಟ್ಟುಕೊಂಡಿದೆ. ಬೇರೆ ಯಾವ ಕೋಶದಲ್ಲಾದರೂ ಡಿಎನ್‌ಎ ಹೀಗೆ ಎರಡೂ ಎಳೆ ಸೇರಿ ತುಂಡಾದರೆ ಅದು ತುರ್ತು ಪರಿಸ್ಥಿತಿ, ರಿಪೇರಿಯಾಗದಿದ್ದರೆ ಕೋಶ ಪ್ರಾಣವನ್ನೇ ಬಿಡುತ್ತದೆ. ಇಲ್ಲಿ ಮಾತ್ರ ಬೇಕೆಂದೇ ಕತ್ತರಿ. ಕತ್ತರಿಸಿದ್ದನ್ನು ಮತ್ತೆ ಕೂಡಿಸುವಾಗ ಎದುರಿಗೆ ಮಲಗಿರುವ ಜೋಡಿಯನ್ನೇ ಮಾದರಿಯಾಗಿ ಇಟ್ಟುಕೊಂಡು ಕೂಡಿಸುತ್ತದೆ. ಹಾಗೆ ಕೂಡಿಸುವಾಗ ಕೆಲವು ಕಡೆ ಅಪ್ಪನ ತುಂಡು ಅಮ್ಮನ ತಂತುವಿಗೆ, ಅಮ್ಮನ ತುಂಡು ಅಪ್ಪನ ತಂತುವಿಗೆ ಸೇರಿ ಹೋಗುತ್ತದೆ. ಇದೇ ಪರೀಕ್ಷೆಗೆ ಬರುತ್ತಿದ್ದ ಕ್ರಾಸಿಂಗ್ ಓವರ್. ಈ ಬದುವಿನಾಚೆಯ ನಾಲ್ಕು ಗುಂಟೆ ನಿನಗಿರಲಿ, ಬಾವಿ ಪಕ್ಕದ ನಾಲ್ಕು ಗುಂಟೆ ನನಗಿರಲಿ ಎಂದು ಅಣ್ಣತಮ್ಮಂದಿರು ಬದಲಾಯಿಸಿಕೊಂಡ ಹಾಗೆ. ವ್ಯತ್ಯಾಸವೆಂದರೆ ಇಲ್ಲಿ ಇಬ್ಬರಿಗೂ ಒಂದಿಂಚು ಹೆಚ್ಚುಕಡಿಮೆ ಬರುವುದಿಲ್ಲ, ಸರ್ವೆಯವರು ಬಂದು ಕಲ್ಲು ನೆಡಬೇಕಾಗಿಲ್ಲ.

ಗಂಡಸಿನ ಒಂದೊಂದು ವೀರ್ಯಾಣುವಿನಲ್ಲಿ ಇಂಥ ಬದಲಾವಣೆ ಒಟ್ಟು 26ರ ಆಸುಪಾಸು, ಹೆಂಗಸಿನ ಒಂದೊಂದು ಅಂಡಾಣುವಿನಲ್ಲಿ 40ರ ಮೇಲೆ. ಕೊಟ್ಟು ತೆಗೆದುಕೊಳ್ಳುವುದರಲ್ಲಿ ಯಾರು ಧಾರಾಳಿಗಳು ಎಂಬುದನ್ನು ನಾನು ಬಿಡಿಸಿ ಹೇಳುವುದಿಲ್ಲ, ಮನೆಯಲ್ಲಿ ಜಗಳವಾದೀತು. ಆದರೆ ಇದು ಬರೀ ಬೆರಕೆಯ ಚಟವಲ್ಲ. ಸಾಮಾನ್ಯವಾಗಿ ಪ್ರತಿ ಜೋಡಿಗೂ ಕಡೇಪಕ್ಷ ಒಂದು ಕಡೆಯಾದರೂ ಇಂಥ ಗಂಟು ಬೀಳುತ್ತದೆ. ಆ ಗಂಟು ಹಿಡಿದಿದ್ದರೇನೇ ಮುಂದೆ ಎರಡು ದಿಕ್ಕಿಗೆ ಎಳೆಯುವಾಗ ಜೋಡಿ ನೆಟ್ಟಗೆ ನಿಂತು, ಒಂದು ಈ ಕಡೆ, ಒಂದು ಆ ಕಡೆ ಹೋಗುವುದು. ಕೊಡುಕೊಳ್ಳುವಿಕೆ ಇಲ್ಲದೆ ಬೇರೆಯಾಗಲು ಹೊರಟರೆ ಇಬ್ಬರೂ ಒಂದೇ ದಿಕ್ಕಿಗೆ ಹೋಗುವ ಅಪಾಯ ಉಂಟು.

ಆಮೇಲಿನದು ಬೇಗ ಮುಗಿಯುತ್ತದೆ. ಮೊದಲ ಸಲ ಕೋಶ ಒಡೆದಾಗ ಜೋಡಿಗಳು ಬೇರೆಯಾಗುತ್ತವೆ. ಎರಡನೇ ಸಲ ಒಡೆದಾಗ ಅಂಟಿಕೊಂಡಿದ್ದ ಪ್ರತಿಗಳು ಬೇರೆಯಾಗುತ್ತವೆ. ನಕಲು ಒಂದು ಸಲ, ಒಡೆಯುವುದು ಎರಡು ಸಲ. ಕೊನೆಗೆ ನಾಲ್ಕು ಮನೆ, ಒಂದೊಂದರಲ್ಲಿ 23.

ಈಗ ತೊಟ್ಟಿಲ ಪಕ್ಕದ ಪಕ್ಷಗಳು ಸ್ವಲ್ಪ ಕಿವಿಗೊಡಬೇಕು. ಮಗುವಿಗೆ ‘ಅಮ್ಮನ’ ಒಂದನೇ ನಂಬರು ಬಂದಿದೆ ಎನ್ನುತ್ತೀರಲ್ಲ, ಅಂಥದ್ದೊಂದು ಅಮ್ಮನ ಮೈಯಲ್ಲಿ ಎಲ್ಲೂ ಇಲ್ಲ. ಅವಳಲ್ಲಿ ಇದ್ದದ್ದು ಅವಳಪ್ಪನದೊಂದು, ಅವಳಮ್ಮನದೊಂದು. ಮಗುವಿಗೆ ಹೋದದ್ದು ಮೇಲಿನ ತುಂಡು ತಾತನದು, ನಡುವಿನದು ಅಜ್ಜಿಯದು, ಬಾಲ ಮತ್ತೆ ತಾತನದು ಎಂಬಂಥ ಹೊಸ ಪತ್ರ. ಅದು ಜಗತ್ತಿನಲ್ಲಿ ಹಿಂದೆ ಇರಲಿಲ್ಲ, ಮುಂದೆ ಬರುವುದೂ ಇಲ್ಲ. ಬೀಗರ ಮೂಗು ಎಂದು ನೀವು ಹೀಗಳೆದದ್ದರಲ್ಲಿ ಬೀಗರದ್ದೆಷ್ಟು, ಬೀಗಿತ್ತಿಯದೆಷ್ಟು ಎಂದು ಪೋಡಿ ಮಾಡುವುದು ಯಾವ ತಾಲ್ಲೂಕು ಕಚೇರಿಯಿಂದಲೂ ಆಗದ ಕೆಲಸ. ಮೂಗೊಂದಕ್ಕೇ ಹತ್ತಾರು ಜೀನುಗಳು ಕೈ ಹಾಕಿರುತ್ತವೆ ಬೇರೆ.

ಈ ಗಂಟು, ತುಂಡು ಎಲ್ಲ ಬದಿಗಿಡಿ. ಬರೀ ಯಾವ ಜೋಡಿಯಲ್ಲಿ ಯಾವುದು ಯಾವ ಕಡೆ ಹೋಗುತ್ತದೆ ಎಂಬುದೊಂದನ್ನೇ ಲೆಕ್ಕ ಹಾಕಿ. ಪ್ರತಿ ಜೋಡಿಗೂ ಎರಡು ದಾರಿ, ಜೋಡಿ 23. ಎರಡನ್ನು ಎರಡರಿಂದ ಗುಣಿಸುತ್ತಾ ಹೋದರೆ 83,88,608. ಅಂದರೆ ಒಬ್ಬ ತಾಯಿ ಕೊಡಬಹುದಾದ ಬೇರೆ ಬೇರೆ ಅಂಡಾಣುಗಳು ಹತ್ತಿರಹತ್ತಿರ ಎಂಬತ್ತನಾಲ್ಕು ಲಕ್ಷ ಬಗೆ. ಎಂಬತ್ತನಾಲ್ಕು ಲಕ್ಷ ಎಂದ ಕೂಡಲೇ ನಿಮ್ಮ ಭಾವಮೈದುನ ಕೂತಲ್ಲಿಂದ ಎದ್ದಿರುತ್ತಾರೆ ಎಂದು ನನಗೆ ಗೊತ್ತು. ‘ನೋಡಿದಿರಾ, ನಮ್ಮ ಹಿರಿಯರು ಎಂಬತ್ತನಾಲ್ಕು ಲಕ್ಷ ಜೀವರಾಶಿ ಅಂತ ಆಗಲೇ ಹೇಳಿಬಿಟ್ಟಿದ್ದಾರೆ!’ ದಯವಿಟ್ಟು ಅವರ ಕೈಯಿಂದ ಫೋನು ಕಿತ್ತುಕೊಳ್ಳಿ. ಹಿರಿಯರು ಹೇಳಿದ್ದು ಇರುವೆಯಿಂದ ಆನೆಯವರೆಗಿನ ಜನ್ಮಗಳ ಲೆಕ್ಕ. ಇದು ನಿಮ್ಮ ಅತ್ತೆಯವರ ಒಂದು ಹೊಟ್ಟೆಯ ಲೆಕ್ಕ. ಅಪ್ಪನ ಕಡೆಯಿಂದಲೂ ಅಷ್ಟೇ ಬಗೆ, ಎರಡನ್ನೂ ಗುಣಿಸಿದರೆ ಒಂದು ದಂಪತಿಗೆ ಸುಮಾರು ಎಪ್ಪತ್ತು ಲಕ್ಷ ಕೋಟಿ ಬಗೆಯ ಮಕ್ಕಳು ಸಾಧ್ಯ. ತುಂಡು ಬದಲಾವಣೆ ಸೇರಿಸಿದರೆ ಲೆಕ್ಕವೇ ಇಲ್ಲ. ‘ಆರತಿಗೊಂದು ಕೀರ್ತಿಗೊಂದು’ ಎಂದು ಎರಡಕ್ಕೇ ನಿಲ್ಲಿಸಿದವರು ಎಷ್ಟು ಬಿಟ್ಟಿದ್ದಾರೆ ಎಂದು ಈಗ ತಿಳಿಯಿತಲ್ಲ.

ಅದಕ್ಕೇ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಣ್ಣ ಬ್ಯಾಂಕಿನಲ್ಲಿ ಎಫ್‌ಡಿ ಇಡುತ್ತಾನೆ, ತಮ್ಮ ಚೀಟಿ ಎತ್ತಿ ಬುಲೆಟ್ ಕೊಳ್ಳುತ್ತಾನೆ. (ಎಫ್‌ಡಿಗೆ ಜೀನಿಲ್ಲ, ಗೊತ್ತು. ಹರಟೆಯಲ್ಲಿ ಅಷ್ಟು ಬಿಟ್ಟುಕೊಡಿ.) ಒಡಹುಟ್ಟಿದವರು ಅರ್ಧಕ್ಕರ್ಧ ಹೊಂದುತ್ತಾರೆ ಎಂದು ಪುಸ್ತಕದಲ್ಲಿ ಓದಿರುತ್ತೀರಿ. ಅದು ಸರಾಸರಿ. 2006ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ನಾಲ್ಕು ಸಾವಿರಕ್ಕೂ ಹೆಚ್ಚು ಒಡಹುಟ್ಟಿದ ಜೋಡಿಗಳ ಡಿಎನ್‌ಎ ತೂಗಿ ನೋಡಿದರು. ಕೆಲವರದು ಶೇಕಡಾ 37ರಷ್ಟೇ ಹೊಂದುತ್ತಿತ್ತು, ಕೆಲವರದು 61ರವರೆಗೂ. ‘ಅವನೂ ನಾನೂ ಒಂದೇ ತಾಯಿ ಮಕ್ಕಳಾ ಅಂತಲೇ ಅನುಮಾನ’ ಎಂದು ನಿಟ್ಟುಸಿರು ಬಿಡುವ ಅಕ್ಕಂದಿರಿಗೆ ಇಷ್ಟಾದರೂ ಸಮಾಧಾನ ಸಿಗಲಿ.

ಅಜ್ಜಿ ತಾತಂದಿರ ಪಾಲೂ ಹಾಗೇ. ಅಪ್ಪನದು ಸರಿಯಾಗಿ ಅರ್ಧ, ಅಮ್ಮನದು ಸರಿಯಾಗಿ ಅರ್ಧ. ಆದರೆ ಅಪ್ಪನ ಅರ್ಧದೊಳಗೆ ತಾತನದು ಎಷ್ಟು, ಅಜ್ಜಿಯದು ಎಷ್ಟು ಎಂಬುದಕ್ಕೆ ಯಾವ ಕಾನೂನೂ ಇಲ್ಲ. ಒಬ್ಬರದು ಕಾಲಿಗಿಂತ ಮೇಲೆ ಹೋದರೆ ಇನ್ನೊಬ್ಬರದು ಅಷ್ಟೇ ಕೆಳಗೆ. ಹೆಸರು ತಾತನದ್ದಿಟ್ಟ ಮೊಮ್ಮಗನಲ್ಲಿ ಅಜ್ಜಿಯೇ ಹೆಚ್ಚಿಗೆ ಕೂತಿರಬಹುದು. ಅಜ್ಜಿ ಇದನ್ನು ಬಹಳ ಹಿಂದಿನಿಂದಲೂ ಹೇಳುತ್ತಿದ್ದಾರೆ, ಯಾರು ಕೇಳಬೇಕು?

ಅಜ್ಜಿ ಅಂದೆ. ಅಮ್ಮನ ಅಮ್ಮನಿಗೆ ಈ ವ್ಯವಹಾರದಲ್ಲಿ ಇರುವ ಜಾಗ ಬೇರೆ ಯಾರಿಗೂ ಇಲ್ಲ. ನಿಮ್ಮನ್ನು ಹುಟ್ಟಿಸಿದ ಅಂಡಾಣು ಮಿಯೋಸಿಸ್ ಶುರು ಮಾಡಿದ್ದು ಯಾವಾಗ? ಅಪ್ಪ ಅಮ್ಮನ ಮದುವೆಯಾದಾಗಲ್ಲ, ಅಮ್ಮ ದೊಡ್ಡವಳಾದಾಗಲೂ ಅಲ್ಲ. ಅಮ್ಮನಿನ್ನೂ ಅಜ್ಜಿಯ ಹೊಟ್ಟೆಯಲ್ಲಿದ್ದಾಗ. ಹೆಣ್ಣು ಭ್ರೂಣಕ್ಕೆ ಇಪ್ಪತ್ತು ವಾರ ತುಂಬುವ ಹೊತ್ತಿಗೆ ಅದರ ಅಂಡಾಶಯದಲ್ಲಿ ಅರವತ್ತು ಎಪ್ಪತ್ತು ಲಕ್ಷ ಕೋಶಗಳು ಸೇರಿರುತ್ತವೆ. ಆ ಹೊತ್ತಿಗೆ ಅವು ಒಂದೊಂದಾಗಿ ಜೋಡಿ ಕೂಡಿಸಿ, ಕತ್ತರಿಸಿ, ತುಂಡು ಬದಲಾಯಿಸುವ ಕೆಲಸಕ್ಕೆ ಇಳಿದಾಗಿರುತ್ತದೆ. ಅದಿಷ್ಟು ಮುಗಿಸಿ ಗಕ್ಕನೆ ನಿಂತುಬಿಡುತ್ತವೆ. ಕರಡು ಪತ್ರ ಸಿದ್ಧ, ಸಹಿ ಇಲ್ಲ. ಹುಟ್ಟುವಾಗ ಉಳಿಯುವುದು ಹತ್ತಿಪ್ಪತ್ತು ಲಕ್ಷ, ಮೈನೆರೆಯುವ ವೇಳೆಗೆ ಮೂರು ನಾಲ್ಕು ಲಕ್ಷ, ಇಡೀ ಆಯಸ್ಸಿನಲ್ಲಿ ಹೊರಗೆ ಬರುವುದು ನಾನೂರು ಐನೂರು. ಹಾಗೆ ಬರುವ ಒಂದೊಂದೂ ಹೊರಡುವ ಹಿಂದಿನ ದಿನವಷ್ಟೇ ಕಡತ ತೆಗೆದು ಮೊದಲ ವಿಭಜನೆ ಮುಗಿಸುತ್ತದೆ. ಎರಡನೆಯದರ ನಡುವೆ ಮತ್ತೆ ನಿಲ್ಲುತ್ತದೆ. ವೀರ್ಯಾಣು ಒಳಗೆ ಕಾಲಿಟ್ಟರೆ ಮಾತ್ರ ಅದೂ ಪೂರ್ತಿ. ಸರ್ಕಾರಿ ಕಡತ ನಿಧಾನ ಎಂದು ಬೈಯುತ್ತೀರಲ್ಲ, ನಿಮ್ಮದೇ ಕಡತ ಇಪ್ಪತ್ತೈದು ಮೂವತ್ತು ವರ್ಷ ಒಂದೇ ಮೇಜಿನ ಮೇಲೆ ಇತ್ತು.

ಆದ್ದರಿಂದ ಅಮ್ಮನ ಅಮ್ಮ ‘ನಾನು ಹೊತ್ತ ಕೂಸು’ ಎಂದು ಮೊಮ್ಮಗುವನ್ನು ಎತ್ತಿಕೊಂಡರೆ ಅದರಲ್ಲಿ ಉತ್ಪ್ರೇಕ್ಷೆ ಅರ್ಧ ಮಾತ್ರ. ಆಕೆ ಬಸುರಿಯಾಗಿ ಉಪ್ಪಿನಕಾಯಿ ಬೇಡಿದ ದಿನಗಳಲ್ಲೇ ನಿಮ್ಮ ಅರ್ಧ ಪಾಲಿನ ಕರಡು ಆಕೆಯ ಮಡಿಲಲ್ಲಿ ತಯಾರಾಗುತ್ತಿತ್ತು. ಅಪ್ಪನ ಅಮ್ಮನವರು ಕ್ಷಮಿಸಬೇಕು, ನಿಮ್ಮ ಮಗ ಆ ಕೆಲಸ ಹಿಡಿದದ್ದು ಮೀಸೆ ಚಿಗುರಿದ ಮೇಲೆ.

ಹಿಡಿದ ಮೇಲೆ ಮಾತ್ರ ನಿಲ್ಲಿಸಲಿಲ್ಲ ಎನ್ನಿ. ಗಂಡಸಿನ ಕಾರ್ಖಾನೆಯಲ್ಲಿ ಸೆಕೆಂಡಿಗೆ ಸಾವಿರದಷ್ಟು ಮಾಲು. ಒಂದೊಂದು ತಯಾರಾಗಲು ಎರಡು, ಎರಡೂವರೆ ತಿಂಗಳು. ಒಂದು ಕೋಶ ಒಡೆದರೆ ನಾಲ್ಕಕ್ಕೆ ನಾಲ್ಕೂ ಬಾಲ ಕಟ್ಟಿಕೊಂಡು ಹೊರಡುತ್ತವೆ. ಹೆಂಗಸಿನದು ಹಾಗಲ್ಲ: ವರ್ಣತಂತು ಸಮಪಾಲು, ಉಳಿದ ಮನೆಸಾಮಾನೆಲ್ಲ ಒಬ್ಬರಿಗೇ. ಒಂದು ಅಂಡಾಣು ಕೋಶರಸವನ್ನೆಲ್ಲ ಹೊಡೆದುಕೊಂಡು, ಮಿಕ್ಕವನ್ನು ಹೆಸರಿಗೆ ಮಾತ್ರ ಕೋಶ ಅನ್ನುವಷ್ಟು ಪುಟ್ಟದಾಗಿ ಪಕ್ಕಕ್ಕೆ ತಳ್ಳಿಬಿಡುತ್ತದೆ. ಅನ್ಯಾಯವೇ. ಆದರೆ ಮಗುವಿಗೆ ಮೊದಲ ಕೆಲವು ದಿನದ ಊಟ ಆ ಡಬ್ಬಿಯಲ್ಲೇ ಇರಬೇಕಲ್ಲ. ಮೈಟೊಕಾಂಡ್ರಿಯಾ ಎಂಬ ಶಕ್ತಿಯ ಒಲೆಗಳೂ ಅಲ್ಲಿಂದಲೇ, ತಾಯಿಯಿಂದಲೇ.

‘ಗಂಡಸಿಗೆ ವಯಸ್ಸೇನು ಬಿಡಿ’ ಎಂದು ಐವತ್ತರಲ್ಲಿ ತಲೆಗೆ ಬಣ್ಣ ಹಚ್ಚುವವರಿಗೆ ಒಂದು ಮಾತು. ಐಸ್‌ಲ್ಯಾಂಡಿನವರು 2012ರಲ್ಲಿ ಲೆಕ್ಕ ಹಾಕಿದಂತೆ, ಅಪ್ಪನಿಗೆ ಒಂದೊಂದು ವರ್ಷ ಹೆಚ್ಚಾದಂತೆ ಮಗುವಿಗೆ ಹೋಗುವ ಹೊಸ ನಕಲುತಪ್ಪು ಸುಮಾರು ಎರಡೆರಡು ಹೆಚ್ಚುತ್ತದೆ. ದಿನಾ ಕೋಟಿಗಟ್ಟಲೆ ಪ್ರತಿ ತೆಗೆಯುವ ಯಂತ್ರ ಅದು, ವರ್ಷ ಕಳೆದಂತೆ ಅಕ್ಷರ ತಪ್ಪುತ್ತದೆ. ಹೆಚ್ಚಿನ ತಪ್ಪುಗಳಿಂದ ಏನೂ ಆಗುವುದಿಲ್ಲ. ಆದರೂ ಬಣ್ಣ ಹಚ್ಚುವುದು ತಲೆಗೆ ಮಾತ್ರ ಎಂದು ನೆನಪಿರಲಿ.

ಹೆಂಗಸಿನ ಕಡೆಯ ತೊಂದರೆ ಬೇರೆ ಥರದ್ದು, ಅದನ್ನು ನಗುತ್ತಾ ಹೇಳಲಾಗದು. ಮೂವತ್ತು ನಲವತ್ತು ವರ್ಷ ಕಾದು ನಿಂತ ಆ ಜೋಡಿಗಳನ್ನು ಹಿಡಿದಿಟ್ಟಿರುವುದು ಕೊಹೀಸಿನ್ ಎಂಬ ಪ್ರೊಟೀನು. ಅದು ಕಾಲ ಕಳೆದಂತೆ ಸವೆಯುತ್ತದೆ. ಸವೆದಾಗ ಜೋಡಿ ಸರಿಯಾಗಿ ಬೇರೆಯಾಗದೆ, ಒಂದು ಕಡೆಗೆ ಎರಡೂ ಹೋಗಿ ಇನ್ನೊಂದು ಕಡೆಗೆ ಒಂದೂ ಹೋಗದೆ ಉಳಿಯುತ್ತದೆ. 21ನೇ ನಂಬರು ಹೀಗೆ ಮೂರಾದರೆ ಡೌನ್ ಸಿಂಡ್ರೋಮ್. ತಾಯಿಗೆ ಇಪ್ಪತ್ತರ ಹರೆಯದಲ್ಲಿ ಸಾವಿರಕ್ಕೊಂದಕ್ಕಿಂತ ಕಡಿಮೆ ಇರುವ ಸಾಧ್ಯತೆ ನಲವತ್ತರಲ್ಲಿ ನೂರಕ್ಕೊಂದರ ಹತ್ತಿರ ಬರುತ್ತದೆ. 21ನೇ ನಂಬರು ಮೂರಾಗಿರುವುದನ್ನು ಪ್ಯಾರಿಸ್ಸಿನಲ್ಲಿ ಕಂಡು 1959ರಲ್ಲಿ ಪ್ರಕಟಿಸಿದರು. ಕೋಶ ಬೆಳೆಸಿ ಸ್ಲೈಡು ಮಾಡಿದ್ದು ಮಾರ್ತ್ ಗೋತಿಯೇ ಎಂಬ ವೈದ್ಯೆ; ಜಗತ್ತು ಹೊಗಳಿದ್ದು ಜೆರೋಮ್ ಲೆಜೂನ್ ಅವರನ್ನು. ಪ್ರಬಂಧದಲ್ಲಿ ಆಕೆಯ ಹೆಸರನ್ನು ಸರಿಯಾಗಿ ಅಚ್ಚು ಹಾಕುವ ವ್ಯವಧಾನವೂ ಇರಲಿಲ್ಲ. ಪಾಲಿನಲ್ಲಿ ಮೋಸ ಲ್ಯಾಬಿನಲ್ಲೂ ಉಂಟು.

ಬೇರೆ ನಂಬರುಗಳು ಮೂರಾದರೆ ಹೆಚ್ಚಿನವು ಹುಟ್ಟುವವರೆಗೆ ಉಳಿಯುವುದೇ ಇಲ್ಲ. ಮೊದಲ ಮೂರು ತಿಂಗಳಲ್ಲಿ ಗರ್ಭ ನಿಲ್ಲದೆ ಹೋದ ಪ್ರಸಂಗಗಳಲ್ಲಿ ಅರ್ಧದಷ್ಟಕ್ಕೆ ಕಾರಣ ವರ್ಣತಂತುವಿನ ಇಂಥ ಹೆಚ್ಚುಕಡಿಮೆ. ಆದರೆ ನಮ್ಮ ಮನೆಗಳಲ್ಲಿ ಕಾರಣ ಬೇರೆಯೇ ಇರುತ್ತದೆ. ಪಪ್ಪಾಯಿ ತಿಂದಳು, ಬಿಂದಿಗೆ ಎತ್ತಿದಳು, ಸ್ಕೂಟಿ ಓಡಿಸಿದಳು, ಗ್ರಹಣದ ದಿನ ಹೊರಗೆ ಬಂದಳು. ಅವಳು ಹುಟ್ಟುವ ಮೊದಲೇ ಶುರುವಾಗಿ ನಿಂತಿದ್ದ ಒಂದು ಕೆಲಸದಲ್ಲಿ ಆದ ಎಡವಟ್ಟಿಗೆ ಅವಳ ಸ್ಕೂಟಿ ಏನು ಮಾಡೀತು? ಈ ಒಂದು ವಿಷಯದಲ್ಲಿ ದೊಡ್ಡವರು ಬಾಯಿ ಮುಚ್ಚಿಕೊಂಡು ಅವಳಿಗೊಂದು ಲೋಟ ಬಿಸಿ ಹಾಲು ಕೊಟ್ಟರೆ ಸಾಕು.

ಬೈಯುವುದರಲ್ಲಿ ಇನ್ನೊಂದು ಹಳೆಯ ಕಂತು ಬಾಕಿ ಇದೆ. ‘ಮೂರೂ ಹೆಣ್ಣೇ ಹೆತ್ತಳು.’ ನೆಟ್ಟಿ ಸ್ಟೀವನ್ಸ್ ಎಂಬ ಅಮೆರಿಕದ ಹೆಂಗಸು 1905ರಲ್ಲಿ ಹಿಟ್ಟಿನ ಹುಳುವಿನ ಕೋಶ ನೋಡುತ್ತಾ ಕೂತು ಇದನ್ನು ಬಗೆಹರಿಸಿಬಿಟ್ಟರು. ಹೆಣ್ಣು ಹುಳುವಿನಲ್ಲಿ ಇಪ್ಪತ್ತೂ ದೊಡ್ಡ ವರ್ಣತಂತು, ಗಂಡಿನಲ್ಲಿ ಹತ್ತೊಂಬತ್ತು ದೊಡ್ಡವು, ಒಂದು ಮಾತ್ರ ಕುಳ್ಳ. ಆ ಕುಳ್ಳನನ್ನು ಹೊತ್ತ ವೀರ್ಯಾಣುವಿನಿಂದ ಗಂಡು, ಇಲ್ಲದ್ದರಿಂದ ಹೆಣ್ಣು. ನಮ್ಮಲ್ಲೂ ಅದೇ ವ್ಯವಸ್ಥೆ: ತಾಯಿಯ ಹತ್ತಿರ ಎರಡೂ ಎಕ್ಸ್, ಅವಳು ಕೊಡಲು ಬೇರೇನೂ ಇಲ್ಲ. ಎಕ್ಸೋ ವೈಯೋ ಎಂಬುದು ನಿರ್ಧಾರವಾಗುವುದು ಮಗರಾಯನ ಮಿಯೋಸಿಸ್‌ನಲ್ಲಿ. ಅತ್ತೆಯವರೇ, ನೂರು ವರ್ಷದ ಮೇಲಾಯಿತು. ಕೇಳುವುದಿದ್ದರೆ ಅಡುಗೆಮನೆಯ ಕಡೆ ನೋಡಬೇಡಿ, ಸೋಫಾದ ಮೇಲೆ ಟೀವಿ ನೋಡುತ್ತಿದ್ದಾನಲ್ಲ, ಅವನನ್ನು ಕೇಳಿ. ಅವನ ಕೈಯಲ್ಲೂ ಇರಲಿಲ್ಲ ಅನ್ನುವುದು ಬೇರೆ ಮಾತು.

ಆ ಕುಳ್ಳ ವೈಯ ದೆಸೆಯಿಂದ ಇನ್ನೊಂದು ದೊಡ್ಡಸ್ತಿಕೆ ನಿಂತಿದೆ, ಗೋತ್ರ. ವೈಗೆ ಸರಿಸಮಾನ ಜೋಡಿ ಇಲ್ಲ, ಎಕ್ಸ್ ಜೊತೆ ತುದಿಗಳಲ್ಲಷ್ಟೇ ಕೊಡುಕೊಳ್ಳುವಿಕೆ. ಮಿಕ್ಕದ್ದು ತಂದೆಯಿಂದ ಮಗನಿಗೆ ಹೆಚ್ಚುಕಡಿಮೆ ಇದ್ದಂತೆಯೇ ಇಳಿಯುತ್ತದೆ. ಗೋತ್ರವೂ ಅದೇ ದಾರಿ. ಅದಕ್ಕೇ ಸಗೋತ್ರದಲ್ಲಿ ಮದುವೆಯಿಲ್ಲ ಎನ್ನುವವರು ‘ಇದು ಸೈಂಟಿಫಿಕ್’ ಎನ್ನುತ್ತಾರೆ. ಸ್ವಲ್ಪ ತಾಳಿ. ಇನ್ನೂರು ಮೈಲಿ ದೂರದ, ಮುಖ ನೋಡದ ಸಗೋತ್ರದವನು ಬೇಡ; ಆದರೆ ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡಬಹುದು, ಗೋತ್ರ ಬೇರೆಯಲ್ಲವೇ! ವೈ ಬಿಟ್ಟು ಉಳಿದ ವರ್ಣತಂತುಗಳನ್ನು ಯಾರೂ ಕೇಳಲೇ ಇಲ್ಲ. ಸೋದರಮಾವನೂ ಅಕ್ಕನ ಮಗಳೂ ಸರಾಸರಿ ಕಾಲು ಭಾಗ ಹೊಂದುತ್ತಾರೆ. ಅವರ ಮಗುವಿನಲ್ಲಿ ಎಂಟರಲ್ಲಿ ಒಂದು ಪಾಲು ಜಾಗದಲ್ಲಿ ಎರಡೂ ಪ್ರತಿ ಒಬ್ಬರೇ ಹಿರಿಯರಿಂದ ಬಂದ ಒಂದೇ ಪ್ರತಿಯಾಗಿರುತ್ತದೆ. ಅತ್ತೆಮಗಳು, ಮಾವನ ಮಗಳಾದರೆ ಹದಿನಾರರಲ್ಲಿ ಒಂದು. ಆ ಪ್ರತಿಯಲ್ಲಿ ದೋಷವಿದ್ದರೆ ಸರಿಯಿರುವ ಇನ್ನೊಂದು ಪ್ರತಿ ತೆರೆದು ನೋಡಲು ಇರುವುದಿಲ್ಲ. ಕರ್ನಾಟಕದಲ್ಲಿ ಇವತ್ತಿಗೂ ಹತ್ತಿರಹತ್ತಿರ ನಾಲ್ಕರಲ್ಲೊಂದು ಮದುವೆ ನೆಂಟರೊಳಗೇ ನಡೆಯುತ್ತದೆ. ಆಸ್ತಿ ಹೊರಗೆ ಹೋಗಬಾರದು ನೋಡಿ. ಧಾರೆ ಎರೆದ ಕೂಡಲೇ ಹೆಣ್ಣಿನ ಗೋತ್ರ ಬದಲಾಗುತ್ತದೆ ಎಂದು ಪುರೋಹಿತರು ಹೇಳುತ್ತಾರೆ, ವರ್ಣತಂತುಗಳಿಗೆ ಓಲಗದ ಸದ್ದಿನಲ್ಲಿ ಅದು ಕೇಳಿಸುವುದಿಲ್ಲ.

ವೈಯ ಹೆಸರಿನಲ್ಲಿ ಇನ್ನೊಂದು ಆಸ್ತಿ ಬಹಳ ಕಾಲ ತಪ್ಪು ಖಾತೆಯಲ್ಲಿತ್ತು, ಕಿವಿಯ ಮೇಲಿನ ಕೂದಲು. ತಳಿವಿಜ್ಞಾನಿ ಹಾಲ್ಡೇನ್ ಸಾಹೇಬರ ಶಿಷ್ಯ ದ್ರೋಣಂರಾಜು 1960ರ ಸುಮಾರಿಗೆ ಅದು ಅಪ್ಪನಿಂದ ಮಗನಿಗೆ ವೈ ಮೂಲಕವೇ ಬರುತ್ತದೆ ಎಂದು ಬರೆದರು, ಪಠ್ಯಪುಸ್ತಕಗಳೂ ನಂಬಿದವು. ಆಮೇಲೆ ಅಂಥ ಗಂಡಸರ ವೈಗಳನ್ನೇ ತೆಗೆದು ನೋಡಿದರೆ ಹಾಗೇನೂ ಇರಲಿಲ್ಲ. ಕುಲದೀಪಕರ ಕಿವಿಗೂದಲಿನ ಖಾತೆಯೂ ಹೋಯಿತು.

‘ನನ್ನ ಮಗ ನನ್ನ ಹಾಗೇ ಇರಬೇಕು, ಒಂದು ಕೂದಲೂ ಕೊಂಕಬಾರದು’ ಎಂಬ ಆಸೆಯವರು ನಂಜನಗೂಡಿಗೆ ಹೋಗಿ ಬರಲಿ. ಅಲ್ಲಿನ ರಸಬಾಳೆಗೆ ಆ ಭಾಗ್ಯವಿದೆ. ಅದರ ಕೋಶದಲ್ಲಿ 11 ವರ್ಣತಂತುಗಳ ಮೂರು ಸೆಟ್ಟು, ಒಟ್ಟು 33. ಇಬ್ಬರ ನಡುವೆ ಪಾಲು ಮಾಡಬಹುದು. ಮೂವರು ವಾರಸುದಾರರು ಬಂದಾಗ ಇಬ್ಬಿಬ್ಬರಂತೆ ಜೋಡಿ ಕೂರಿ ಎಂದರೆ ಯಾರು ಯಾರ ಪಕ್ಕ? ಮಿಯೋಸಿಸ್ ಅಲ್ಲೇ ಕುಸಿಯುತ್ತದೆ, ಬೀಜ ಕಟ್ಟುವುದಿಲ್ಲ. (ಕುದುರೆಯ 64, ಕತ್ತೆಯ 62 ಸೇರಿ 63 ಪಡೆದ ಹೇಸರಗತ್ತೆಯ ಬಂಜೆತನವೂ ಇಂಥದ್ದೇ ಜಗಳ.) ಹಣ್ಣು ಅಡ್ಡ ಕೊಯ್ದರೆ ನಡುವೆ ಕಾಣುವ ಕಪ್ಪು ಚುಕ್ಕೆಗಳು ಬೀಜವಾಗಲು ಹೊರಟು ಕೈಬಿಟ್ಟವು. ನಮಗೆ ತಿನ್ನಲು ಸುಖ. ಗಿಡಕ್ಕೆ ಮಾತ್ರ ಸಂತಾನ ಬೇಕೆಂದರೆ ಬುಡದ ಕಂದೇ ಗತಿ, ಪ್ರತಿ ಕಂದೂ ತಾಯಿಯ ತದ್ರೂಪು. ಮೊಮ್ಮಗ, ಮರಿಮಗ ಎಲ್ಲರೂ ಅದೇ. ತೊಟ್ಟಿಲ ಪಕ್ಕ ತಕರಾರೇ ಇಲ್ಲದ ವಂಶ. ಮಣ್ಣಿನಲ್ಲಿ ಪನಾಮಾ ಸೊರಗು ರೋಗದ ಶಿಲೀಂಧ್ರ ಬಂತು. ಒಂದು ಗಿಡಕ್ಕೆ ತಡೆಯುವ ಶಕ್ತಿ ಇಲ್ಲವೆಂದರೆ ಪಕ್ಕದ್ದಕ್ಕೂ ಇಲ್ಲ, ತೋಟದಲ್ಲಿ ಯಾವುದಕ್ಕೂ ಇಲ್ಲ. ನಂಜನಗೂಡಿನ ಸುತ್ತ ಎಕರೆಗಟ್ಟಲೆ ನಿಂತಿದ್ದ ರಸಬಾಳೆ ಕೆಲವೇ ತೋಟಕ್ಕೆ ಇಳಿಯಿತು. ಈಗ ಜಿಐ ಪಟ್ಟ ಇದೆ, ತಾಂಬೂಲದ ಜೊತೆ ಇಡಲು ಹಣ್ಣು ಹುಡುಕಬೇಕು. ಮೈಸೂರಿನ ಮಾರುಕಟ್ಟೆಯಲ್ಲಿ ‘ನಂಜನಗೂಡಿಂದೇ ಸಾರ್’ ಎನ್ನುವವರ ಮಾತನ್ನೆಲ್ಲ ನಂಬಲು ನಾನು ತಯಾರಿಲ್ಲ.

ಕೊನೆಗೆ ನಮ್ಮ ದಂಡನಾಯಕರ ವಿಚಾರ. ಪ್ರತಿ ಊರಿನಲ್ಲೂ ಒಂದು ಮನೆ ಇರುತ್ತದೆ. ‘ನಮ್ಮದು ಕೃಷ್ಣದೇವರಾಯನ ಕಾಲದ ದಂಡನಾಯಕರ ವಂಶ, ಆ ರಕ್ತ ಇನ್ನೂ ಮೈಯಲ್ಲಿದೆ’ ಎಂದು ಆ ಮನೆಯ ಯಜಮಾನರು ಮದುವೆ ಪಂಕ್ತಿಯಲ್ಲಿ ಹೇಳುತ್ತಿರುತ್ತಾರೆ. ಕೃಷ್ಣದೇವರಾಯ ಆಳಿದ್ದು 1509ರಿಂದ 1529. ತಲೆಮಾರಿಗೆ ಇಪ್ಪತ್ತೈದು ವರ್ಷ ಹಿಡಿದರೆ ಇಪ್ಪತ್ತು ತಲೆಮಾರು. ಇಬ್ಬರು ಅಪ್ಪಅಮ್ಮ, ನಾಲ್ವರು ಅಜ್ಜಿತಾತ ಎಂದು ಏರುತ್ತಾ ಹೋದರೆ ಇಪ್ಪತ್ತನೇ ಮೆಟ್ಟಿಲಿನಲ್ಲಿ 10,48,576 ಹಿರಿಯರ ಜಾಗ. ಸೋದರಮಾವನ ಮದುವೆಗಳ ದೆಸೆಯಿಂದ ಒಬ್ಬರೇ ಹತ್ತಾರು ಜಾಗದಲ್ಲಿ ಕೂತಿರುತ್ತಾರೆ, ಅದು ಬೇರೆ. ಆದರೆ ತಲೆಮಾರಿಗಿಷ್ಟು ಎಂದು ತುಂಡಾಗುತ್ತಾ ಬಂದ ನಮ್ಮ ಡಿಎನ್‌ಎಯಲ್ಲಿ ಇಪ್ಪತ್ತು ತಲೆಮಾರಿನ ಹಿಂದಿನಿಂದ ಬಂದ ತುಂಡುಗಳು ಒಟ್ಟು ಸಾವಿರದ ಚಿಲ್ಲರೆ ಮಾತ್ರ. ಹತ್ತು ಲಕ್ಷ ಜಾಗ, ಸಾವಿರದ ಚಿಲ್ಲರೆ ತುಂಡು! ಆ ಹಿರಿಯರಲ್ಲಿ ಬಹುಪಾಲು ಜನರಿಂದ ಯಜಮಾನರಿಗೆ ಒಂದು ಗುಂಟೆಯೂ ಬಂದಿಲ್ಲ. ಅಷ್ಟು ದೂರ ಹೋಗುವುದೂ ಬೇಡ, ಹತ್ತೇ ತಲೆಮಾರು ಹಿಂದಿನ 1,024 ಮಂದಿಯಲ್ಲೇ ಅರ್ಧಕ್ಕಿಂತ ಹೆಚ್ಚು ಜನರ ಪಾಲು ಸೊನ್ನೆ. ಅವರು ಹಿರಿಯರು ಹೌದು, ಅವರಿಲ್ಲದೆ ಯಜಮಾನರಿಲ್ಲ. ಆದರೆ ಅವರ ‘ರಕ್ತ’ ದಾರಿಯಲ್ಲೆಲ್ಲೋ ಒಂದು ಮಿಯೋಸಿಸ್‌ನಲ್ಲಿ ಹೊರಗುಳಿಯಿತು.

ಯಜಮಾನರು ಇದಕ್ಕೂ ಉತ್ತರ ಇಟ್ಟುಕೊಂಡಿದ್ದಾರೆ: ನಮ್ಮದು ಮಗನಿಂದ ಮಗನಿಗೆ ಬಂದ ನೇರ ವಂಶ, ವೈ ಇದೆಯಲ್ಲ? ಸರಿ, ಒಪ್ಪಿದೆ. ಇಪ್ಪತ್ತು ತಲೆಮಾರಿನಲ್ಲಿ ಎಲ್ಲೂ ದತ್ತು ತೆಗೆದುಕೊಂಡಿಲ್ಲ, ಅಳಿಯನನ್ನು ಮನೆಗಿಟ್ಟುಕೊಂಡಿಲ್ಲ ಎಂದಾದರೆ ವೈ ಬಂದಿದೆ. ಸುಮಾರು ಇಪ್ಪತ್ತು ಸಾವಿರ ಜೀನುಗಳಲ್ಲಿ ಅದರಲ್ಲಿರುವುದು ನೂರರ ಆಸುಪಾಸು, ಅವುಗಳಲ್ಲಿ ಬಹಳಷ್ಟು ವೀರ್ಯಾಣು ತಯಾರಿಸುವ ಕೆಲಸಕ್ಕೇ ಮೀಸಲು. ದಂಡು ನಡೆಸುವ ಜೀನು ಅಲ್ಲಿ ಈವರೆಗೆ ಯಾರಿಗೂ ಸಿಕ್ಕಿಲ್ಲ. ದಂಡನಾಯಕರ ಕತ್ತಿ ಏನಾದರೂ ಉಳಿದಿದ್ದರೆ ತೋರಿಸಲಿ, ಅದಾದರೆ ಗಟ್ಟಿ ಪುರಾವೆ. ವಿಚಾರಿಸಿದ್ದೂ ಆಯಿತು. ಕತ್ತಿ ದೊಡ್ಡಪ್ಪನ ಮಕ್ಕಳ ಪಾಲಿಗೆ ಹೋಗಿದೆಯಂತೆ.